ಮರಳುದಿಬ್ಬದ ಅಲೋ: ಬುಡ ಕೊಳೆಯದಂತೆ ಬೀಜದಿಂದ ಹೂವಿನವರೆಗೆ ಬೆಳೆಸುವ ಸಮಗ್ರ ಮಾರ್ಗದರ್ಶಿ

ಮರಳುದಿಬ್ಬದ ಅಲೋ, ಅಂದರೆ ಲೋಳೆಸರದ ಬಳಗದ ಅಲೋ ಥ್ರಾಸ್ಕಿಯೈ, ಸಾಯುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಮೊದಲ ಕೆಲವು ತಿಂಗಳು ಸಸಿ ಹುರುಪಿನಿಂದ ಬೆಳೆಯುತ್ತದೆ. ಚಳಿ ಶುರುವಾದಾಗ ಕೆಳಗಿನ ಎಲೆಗಳು ಮೆತ್ತಗಾಗುತ್ತವೆ. ಒಂದು ದಿನ ಮುಟ್ಟಿದರೆ ಇಡೀ ಗಿಡ ಕೈಗೇ ಬರುತ್ತದೆ, ಬುಡದಲ್ಲಿ ಕಂದು ಬಣ್ಣದ ಗೊಜ್ಜು. ಆಗ ಎಲ್ಲರೂ ನೀರನ್ನು ದೂರುತ್ತಾರೆ, ಮುಂದಿನ ಸಸಿಗೆ ನೀರೇ ಕೊಡುವುದಿಲ್ಲ, ಅದು ಒಣಗಿ ಹೋಗುತ್ತದೆ. ಎರಡೂ ಸಲ ಬೇರಿಗೆ ಬೇಕಾಗಿದ್ದದ್ದು ಗಾಳಿ. ಗಾಳಿಯಾಡುವ ಮಣ್ಣಿದ್ದರೆ ಈ ಗಿಡ ಧಾರಾಳವಾಗಿ ನೀರು ಕುಡಿಯುತ್ತದೆ. ಗಾಳಿಯಾಡದ ಮಣ್ಣಿನಲ್ಲಿ ಒಂದು ಲೋಟ ನೀರೂ ಅಪಾಯ. ಕೆಳಗಿನ ಹಂತಗಳ ಕ್ರಮ ನಿಂತಿರುವುದೇ ಇದರ ಮೇಲೆ: ಮೊದಲು ನೀರು ಬಸಿಯುವ ದಾರಿ, ಆಮೇಲೆ ಮಣ್ಣು, ಆಮೇಲೆ ಗಿಡ, ಕೊನೆಗೆ ನೀರು. ಕ್ರಮ ತಪ್ಪಿದರೆ ಸರಿಪಡಿಸುವುದು ಕಷ್ಟ.

ಹಂತ 1: ಗಿಡದ ಸ್ವಭಾವ ತಿಳಿಯಿರಿ

ಇದು ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯ ಗಿಡ. ಕ್ವಾಜುಲು-ನಟಾಲ್ ಮತ್ತು ಈಸ್ಟರ್ನ್ ಕೇಪ್ ಪ್ರಾಂತಗಳಲ್ಲಿ, ಕಡಲಂಚಿನ ಮರಳುದಿಬ್ಬಗಳ ಮೇಲಿನ ದಟ್ಟ ಕುರುಚಲಿನ ನಡುವೆ ಬೆಳೆಯುತ್ತದೆ. ಕಡಲಿನಿಂದ ದೂರ ಹೋದಂತೆ ಕಾಣಸಿಗುವುದಿಲ್ಲ.

ಇಲ್ಲಿ ಮೂರು ಸಂಗತಿ ಗಮನಿಸಬೇಕು. ಒಂದು, ಅಲ್ಲಿ ಮಳೆ ಕಡಿಮೆಯೇನಲ್ಲ. ಆ ತೀರದ ಡರ್ಬನ್ ನಗರಕ್ಕೆ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಅಲ್ಲಿಯ ಬೆಚ್ಚನೆಯ ತಿಂಗಳುಗಳಲ್ಲಿ. ಹಾಗಾಗಿ ಇದು ಸೆಕೆಯಲ್ಲಿ ನೀರು ಕುಡಿದು ಬೆಳೆಯುವ, ಚಳಿಯಲ್ಲಿ ಒಣಗಿದ ಬುಡ ಬಯಸುವ ಗಿಡ. ಎರಡು, ಎಳೆಯ ಸಸಿ ಹುಟ್ಟುವುದು ಪೊದೆಗಳ ನೆರಳಿನಲ್ಲಿ. ಎತ್ತರವಾದ ಮೇಲಷ್ಟೇ ಅದರ ತಲೆ ಬಿಸಿಲಿಗೆ ಬರುತ್ತದೆ. ಮೂರು, ಉಪ್ಪುಗಾಳಿಯನ್ನು ಎಲೆ ತಡೆಯುತ್ತದೆ ಎಂದ ಮಾತ್ರಕ್ಕೆ ಬೇರು ಉಪ್ಪುನೀರನ್ನು ತಡೆಯುತ್ತದೆ ಎಂದಲ್ಲ. ದಿಬ್ಬದ ಮರಳನ್ನು ಮಳೆ ತೊಳೆಯುತ್ತಲೇ ಇರುತ್ತದೆ. ಕರಾವಳಿ ಗಿಡ ಎಂದುಕೊಂಡು ಕುಂಡಕ್ಕೆ ಕಡಲ ಮರಳು ತುಂಬುವವರು ಎಡವುವುದು ಇಲ್ಲೇ.

ಉಳಿದ ಅಲೋಗಳಂತೆ ಇದೂ ಪತ್ರರಂಧ್ರಗಳನ್ನು (ಎಲೆ ಉಸಿರಾಡುವ ಸೂಕ್ಷ್ಮ ತೂತುಗಳನ್ನು) ಹೆಚ್ಚಾಗಿ ರಾತ್ರಿ ತೆರೆಯುತ್ತದೆ, ಹಗಲಿನಲ್ಲಿ ಮುಚ್ಚಿ ನೀರು ಉಳಿಸುತ್ತದೆ. ಗಾಳಿಯಾಡದ ಮೂಲೆ, ಗಾಜಿನ ಪೆಟ್ಟಿಗೆ ಇದಕ್ಕೆ ಹಿಡಿಸುವುದಿಲ್ಲ.

ಹಂತ 2: ಕೈಯಲ್ಲಿರುವುದು ಅದೇ ಗಿಡವೇ ಎಂದು ನೋಡಿ

ಬೇರೆ ಅಲೋವನ್ನು ಇದೇ ಹೆಸರಿನಲ್ಲಿ ಮಾರುವುದು ಉಂಟು. ಗುರುತುಗಳು ಹೀಗಿವೆ:

• ಒಂದೇ ಕಾಂಡ, ಕವಲಿಲ್ಲ. ಸಾಮಾನ್ಯವಾಗಿ 2 ಮೀಟರ್ ಆಸುಪಾಸು. ಚೆನ್ನಾಗಿ ಬೆಳೆದರೆ 3ರಿಂದ 4 ಮೀಟರ್.
• ಎಲೆ ದೋಣಿಯಂತೆ ಆಳವಾಗಿ ತೋಡಿಕೊಂಡಿರುತ್ತದೆ. ಬಲಿತ ಗಿಡದಲ್ಲಿ ಅದು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ತುದಿ ಕಾಂಡದ ಕಡೆಗೆ ತಿರುಗುತ್ತದೆ. ಉದ್ದ 1.5 ಮೀಟರ್ ದಾಟಬಹುದು.
• ಎಲೆಯ ಮುಖ ಬಹುಮಟ್ಟಿಗೆ ನುಣುಪು. ಅಂಚಿನಲ್ಲಿ ಮಾತ್ರ ಕೆಂಗಂದು ಬಣ್ಣದ ಸಣ್ಣ ಮುಳ್ಳು.
• ಹೂಗೊಂಚಲು ಕವಲೊಡೆದು ನೆಟ್ಟಗೆ ನಿಲ್ಲುತ್ತದೆ. ಹೂ ಹಳದಿ, ಹೊರಚಾಚಿದ ಕೇಸರಗಳು ಕಿತ್ತಳೆ.

ಬುಡದಿಂದಲೇ ಹಲವು ತಲೆ ಒಡೆದು ಪೊದೆಯಾಗಿದ್ದರೆ ಅದು ಅಲೋ ಆರ್ಬೊರೆಸೆನ್ಸ್ ಆಗಿರಬಹುದು, ಅದೂ ಕರಾವಳಿಯಲ್ಲಿ ಬೆಳೆಯುವಂಥದ್ದೇ. ಎಲೆಯ ಮುಖದ ತುಂಬಾ ಮುಳ್ಳಿದ್ದರೆ ಅಲೋ ಮಾರ್ಲೋಥಿಯೈ ಅಥವಾ ಅಲೋ ಫೆರಾಕ್ಸ್ ಕಡೆಯದು. ಹೂವಿನ ತುದಿ ಮೇಲಕ್ಕೆ ಬಾಗಿದ್ದರೆ ಅಲೋ ಆಫ್ರಿಕಾನಾ. ಒಂದು ವರ್ಷದೊಳಗಿನ ಸಸಿಯಲ್ಲಿ ಈ ಗುರುತುಗಳು ಕಾಣುವುದಿಲ್ಲ: ಎಳೆಯದರಲ್ಲಿ ಎಲೆಗಳು ಎದುರುಬದುರಾಗಿ ಎರಡು ಸಾಲಿನಲ್ಲಿ, ಬೀಸಣಿಗೆಯಂತೆ ಬರುತ್ತವೆ, ಸುತ್ತು ಜೋಡಣೆ ಬರುವುದು ಆಮೇಲೆ. ಎರಡು ಸಾಲು ಕಂಡು ತಪ್ಪು ಗಿಡ ಕೊಟ್ಟರು ಎಂದು ಗಾಬರಿಯಾಗಬೇಡಿ.

ಹೆಸರಿನ ಸಾಮ್ಯ ನೋಡಿ ಇದರ ಲೋಳೆಯನ್ನು ಮನೆಯ ಲೋಳೆಸರದಂತೆ ಬಳಸಲೂ ಬೇಡಿ. ಸಿಪ್ಪೆಯಡಿಯ ಹಳದಿ ಕಹಿರಸ ಹೊಟ್ಟೆ ಕೆಡಿಸುತ್ತದೆ.

ಹಂತ 3: ಬೀಜ ಅಥವಾ ಸಸಿ ಸಂಪಾದಿಸಿ

ಈ ಗಿಡ ಮರಿ ಹಾಕುವುದಿಲ್ಲ, ಹಾಗಾಗಿ ಬೀಜವೇ ದಾರಿ. ಆ ವರ್ಷದ ಬೀಜವನ್ನೇ ಕೇಳಿ. ಹಳತಾದಷ್ಟೂ ಮೊಳಕೆ ಕಡಿಮೆ. ಬೀಜ ಯಾವ ತೋಟದ್ದು, ಪಕ್ಕದಲ್ಲಿ ಬೇರೆ ಅಲೋ ಹೂಬಿಟ್ಟಿತ್ತೇ ಎಂದೂ ವಿಚಾರಿಸಿ. ಅಲೋಗಳು ಒಂದರೊಡನೊಂದು ಸುಲಭವಾಗಿ ಬೆರೆಯುತ್ತವೆ. ತೋಟದಲ್ಲಿ ತಾನಾಗಿ ಕಟ್ಟಿದ ಬೀಜದಿಂದ ಬರುವುದು ಬೆರಕೆ ಸಸಿಯೇ ಆಗಿರುವ ಸಾಧ್ಯತೆ ಹೆಚ್ಚು.

ಸಸಿಯನ್ನೇ ಕೊಳ್ಳುವುದಾದರೆ ಕುಂಡದಿಂದ ಎತ್ತಿ ಬೇರು ನೋಡಿ. ಬಿಳಿ ಅಥವಾ ಹಳದಿ ಮಿಶ್ರಿತ ದಪ್ಪ ಬೇರು ಒಳ್ಳೆಯದು. ಕಂದು, ಟೊಳ್ಳು, ಎಳೆದರೆ ಸಿಪ್ಪೆ ಜಾರುವ ಬೇರಿದ್ದರೆ ವಾಪಸಿಡಿ. ಎಲೆ ಎಷ್ಟೇ ಚೆನ್ನಾಗಿದ್ದರೂ ಸರಿ. ಕಾಡಿನಿಂದ ಕಿತ್ತು ತಂದದ್ದು ಬೇಡವೇ ಬೇಡ. ಸಾಮಾನ್ಯ ಲೋಳೆಸರವೊಂದನ್ನು ಬಿಟ್ಟು ಉಳಿದ ಅಲೋಗಳೆಲ್ಲ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಜೀವಂತ ಗಿಡ ಗಡಿ ದಾಟಲು ಪರವಾನಗಿ ಬೇಕು.

ಹಂತ 4: ಮಣ್ಣಿನ ಮಿಶ್ರಣ ತಯಾರಿಸಿ

ಬೇಕಾಗುವ ಸಾಮಾನು: 2 ಮತ್ತು 4 ಮಿ.ಮೀ. ಕಣ್ಣಿನ ಎರಡು ಜರಡಿ, ಬಕೆಟ್, 8ರಿಂದ 10 ಸೆಂ.ಮೀ. ಆಳದ ಬಿತ್ತನೆ ಟ್ರೇ, ತಳದಲ್ಲಿ ತೂತಿರುವ ಮಣ್ಣಿನ ಕುಂಡಗಳು, ಶೇಡ್ ನೆಟ್, 30 ಸೆಂ.ಮೀ. ಉದ್ದದ ಒಣ ಬಿದಿರು ಕಡ್ಡಿ, ಹರಿತ ಚಾಕು, ಸ್ಪಿರಿಟ್, ಗಂಧಕದ ಪುಡಿ.

ಕುಂಡಕ್ಕೆ: 2ರಿಂದ 4 ಮಿ.ಮೀ. ಕಾಳಿನ ತೊಳೆದ ನದಿಮರಳು 2 ಪಾಲು, ಪ್ಯೂಮಿಸ್ ಅಥವಾ ಪರ್ಲೈಟ್ (ಎರಡೂ ಗಾಳಿಗುಳ್ಳೆ ತುಂಬಿದ ಹಗುರ ಕಲ್ಲಿನ ಕಾಳು) 1 ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ 1 ಪಾಲು. ಮರಳನ್ನು ಮೊದಲು 4 ಮಿ.ಮೀ. ಜರಡಿಯಲ್ಲಿ ಹಾಕಿ ಮೇಲುಳಿದದ್ದನ್ನು ತೆಗೆಯಿರಿ, ಕೆಳಗೆ ಬಿದ್ದದ್ದನ್ನು 2 ಮಿ.ಮೀ. ಜರಡಿಯಲ್ಲಿ ಹಾಕಿ, ಈಗ ಮೇಲುಳಿಯುವುದೇ ಬೇಕಾದ ಮರಳು. ಗಾರೆ ಕೆಲಸದ ನಯಮರಳು ಉಪಯೋಗವಿಲ್ಲ. ಅದರ ಸಣ್ಣ ಕಣ ಗೊಬ್ಬರದ ಸಂದುಗಳಲ್ಲಿ ತುಂಬಿಕೊಂಡು ಮಣ್ಣನ್ನು ಗಟ್ಟಿ ಮಾಡುತ್ತದೆ; ಮರಳು ಹಾಕಿದೆವು, ಆದರೂ ಕೊಳೆಯಿತು ಎನ್ನುವವರ ಕುಂಡ ಕೆದಕಿದರೆ ಹೆಚ್ಚಾಗಿ ಸಿಗುವುದು ಇದೇ.

ಪರೀಕ್ಷೆ ಸುಲಭ. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಡಿ. ಉಂಡೆ ತಾನಾಗಿ ಉದುರಬೇಕು. ಉಂಡೆ ನಿಂತರೆ ಇನ್ನರ್ಧ ಪಾಲು ದಪ್ಪ ಮರಳು ಸೇರಿಸಿ.

ಕುಂಡದ ತಳದಲ್ಲಿ ಜಲ್ಲಿ ಹಾಸುವ ರೂಢಿ ಬಿಡಿ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಅದರ ಮೇಲೆಯೇ ನಿಲ್ಲುತ್ತದೆ. ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬಂದಂತಾಯಿತು. ತೂತಿನ ಮೇಲೊಂದು ಬಲೆಯ ತುಂಡು ಸಾಕು.

ಹಂತ 5: ಬಿತ್ತನೆ

ಬೆಚ್ಚನೆಯ ಕಾಲ ಶುರುವಾಗುವಾಗ ಬಿತ್ತಿ, ಚಳಿ ಬರುವಷ್ಟರಲ್ಲಿ ಸಸಿ ಗಟ್ಟಿಯಾಗಿರಬೇಕು.

1. ದಪ್ಪ ಮರಳು ಮತ್ತು ಜರಡಿ ಹಿಡಿದ ಗೊಬ್ಬರವನ್ನು ಸಮಪಾಲು ಬೆರೆಸಿ ಟ್ರೇಗೆ ತುಂಬಿ. ಕುದಿಯುವ ನೀರು ಹೊಯ್ದು ಪೂರ್ತಿ ಆರಲು ಬಿಡಿ.
2. ಬೀಜಗಳನ್ನು 2 ಸೆಂ.ಮೀ. ಅಂತರದಲ್ಲಿ ಮೇಲೆ ಹರಡಿ. ಬೀಜಕ್ಕೆ ತೆಳು ರೆಕ್ಕೆಯಿರುತ್ತದೆ, ಗಾಳಿಗೆ ಹಾರುತ್ತದೆ, ಫ್ಯಾನ್ ಆರಿಸಿ ಬಿತ್ತಿ.
3. 2ರಿಂದ 3 ಮಿ.ಮೀ. ದಪ್ಪಕ್ಕೆ ಒರಟು ಮರಳು ಉದುರಿಸಿ. ಆಳಕ್ಕೆ ಹೂತರೆ ಮೊಳಕೆ ಮೇಲೆ ಬರುವುದಿಲ್ಲ.
4. ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದ ನೀರು ಹೀರಿಸಿ, ಮೇಲ್ಮೈ ಕಪ್ಪಾದ ಕೂಡಲೇ ತೆಗೆಯಿರಿ.
5. 22ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿ, 50 ಶೇಕಡಾ ನೆರಳು ಸಿಗುವಲ್ಲಿ ಇಡಿ. ತಾಜಾ ಬೀಜ ಎರಡರಿಂದ ನಾಲ್ಕು ವಾರದಲ್ಲಿ ಮೊಳೆಯುತ್ತದೆ.

ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದರೆ ಮೊದಲ ಮೊಳಕೆ ಕಂಡ ದಿನವೇ ಅಂಚು ಎತ್ತಿ, ವಾರದೊಳಗೆ ಪೂರ್ತಿ ತೆಗೆಯಿರಿ. ಸಸಿಯ ಬುಡ ನೀರಿನಲ್ಲಿ ನೆನೆದಂತಾಗಿ ಪಕ್ಕಕ್ಕೆ ಬಿದ್ದರೆ ಅದು ಸಸಿ ಕೊಳೆ ರೋಗ. ಬಿದ್ದದ್ದನ್ನು ಸುತ್ತಲಿನ ಮಣ್ಣಿನೊಂದಿಗೆ ಚಮಚದಲ್ಲಿ ಎತ್ತಿ ಎಸೆದು, ಮೂರ್ನಾಲ್ಕು ದಿನ ನೀರು ನಿಲ್ಲಿಸಿ, ಗಾಳಿಗೆ ಇಡಿ. ಮೇಲ್ಮೈ ಮೇಲೆ ಹಸಿರು ಪಾಚಿ ಕಂಡರೆ ಅದೂ ಇದರ ಮುನ್ಸೂಚನೆ.

ಹಂತ 6: ಕುಂಡದಿಂದ ಕುಂಡಕ್ಕೆ

ಮೂರು ನಾಲ್ಕು ಎಲೆ ಬಂದು, ಎಲೆ 3ರಿಂದ 4 ಸೆಂ.ಮೀ. ಆದಾಗ ಒಂದೊಂದನ್ನೂ 7 ಸೆಂ.ಮೀ. ಕುಂಡಕ್ಕೆ ಬದಲಿಸಿ. ಆಮೇಲೆ ಬೇರು ಕುಂಡ ತುಂಬಿದಾಗಲೆಲ್ಲ ಮುಂದಿನ ಅಳತೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ.

ದೊಡ್ಡ ಗಿಡವಾಗುತ್ತದಲ್ಲ ಎಂದು ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕುವುದೇ ಇಲ್ಲಿಯ ದೊಡ್ಡ ತಪ್ಪು. ಬೇರು ತಲುಪದ ಮಣ್ಣಿನ ನೀರನ್ನು ಯಾರೂ ಕುಡಿಯುವುದಿಲ್ಲ. ಅದು ವಾರಗಟ್ಟಲೆ ಒದ್ದೆಯಾಗಿಯೇ ಇದ್ದು ಹುಳಿಯುತ್ತದೆ. ಹೊಸ ಕುಂಡ ಬೇರಿನ ಗುಡ್ಡೆಗಿಂತ 3ರಿಂದ 4 ಸೆಂ.ಮೀ. ಮಾತ್ರ ಅಗಲವಿರಲಿ.

ಬದಲಿಸುವಾಗ ಮಣ್ಣಿನ ಮಟ್ಟ ಹಳೆಯದೇ ಇರಲಿ. ಅಲುಗಾಡುತ್ತದೆ ಎಂದು ಕಾಂಡವನ್ನು ಹೂಳಬೇಡಿ. ಮೂರು ಕಲ್ಲು ಆತುಕೊಡಿ. ತುಂಡಾದ ಬೇರಿನ ಗಾಯ ಒಣಗಲು 5ರಿಂದ 7 ದಿನ ಬೇಕು, ಅಲ್ಲಿಯವರೆಗೆ ನೀರು ಬೇಡ. ಬೇರೆ ಗಿಡ ಬದಲಿಸಿದ ಕೂಡಲೇ ನೀರು ಹೊಯ್ಯುವ ಕೈಗೆ ಈ ವಾರ ಬಲು ಉದ್ದ.

ಮೊದಲ ಎರಡು ವರ್ಷ ಅರೆನೆರಳು ಇರಲಿ. ಬಿಸಿಲಿಗೆ ತರುವಾಗ ಬೆಳಗಿನ ಒಂದು ಗಂಟೆಯಿಂದ ಶುರುಮಾಡಿ, ಮೂರ್ನಾಲ್ಕು ವಾರದಲ್ಲಿ ಹೆಚ್ಚಿಸುತ್ತ ಹೋಗಿ. ಒಮ್ಮೆಲೇ ಹೊರಗಿಟ್ಟರೆ ಎಲೆಯ ಮೇಲ್ಮುಖದಲ್ಲಿ ಬಿಳಿಚಿದ ಮಚ್ಚೆ ಬಿದ್ದು ಕಂದಾಗುತ್ತದೆ. ಆ ಗುರುತು ಮತ್ತೆ ಹಸಿರಾಗುವುದಿಲ್ಲ.

ಹಂತ 7: ನೆಲದ ಪರೀಕ್ಷೆ ಮತ್ತು ದಿಬ್ಬ

ಎಲೆ 30ರಿಂದ 40 ಸೆಂ.ಮೀ. ಆದ ಮೇಲೆ ಗಿಡ ನೆಲಕ್ಕೆ ಸಿದ್ಧ. ಜಾಗ ಸಿದ್ಧವಿದೆಯೇ ಎಂದು ಮಾತ್ರ ಮೊದಲೇ ನೋಡಿ.

30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ, ಕಡ್ಡಿ ನೆಟ್ಟು ಅಳೆಯಿರಿ. ಲೆಕ್ಕ ಎರಡನೇ ಸಲದ್ದು, ಮೊದಲ ನೀರನ್ನು ಒಣಮಣ್ಣು ಹೀರಿಕೊಂಡಿರುತ್ತದೆ. ಗಂಟೆಗೆ 5 ಸೆಂ.ಮೀ. ಅಥವಾ ಹೆಚ್ಚು ಇಳಿದರೆ ನೇರ ನೆಡಬಹುದು. ಕಡಿಮೆಯಿದ್ದರೆ ದಿಬ್ಬ ಬೇಕೇ ಬೇಕು. ಗಂಟೆಗೆ 2 ಸೆಂ.ಮೀ. ಕೂಡ ಇಳಿಯದಿದ್ದರೆ ಬೇರೆ ಜಾಗ ಹುಡುಕುವುದೇ ಬುದ್ಧಿವಂತಿಕೆ.

ಅಂಟುಮಣ್ಣಿನಲ್ಲಿ ಆಳದ ಗುಂಡಿ ತೋಡಿ ಮರಳು ತುಂಬಿದರೆ ಅದು ಬಾವಿಯಾಗುತ್ತದೆ: ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಗುಂಡಿ ಬಿಟ್ಟು ನೆಲದ ಮೇಲೆಯೇ ಕಟ್ಟಿ. 40ರಿಂದ 50 ಸೆಂ.ಮೀ. ಎತ್ತರ, 1.5ರಿಂದ 2 ಮೀಟರ್ ಅಗಲದ ದಿಬ್ಬ; ಅಲ್ಲಿಯದೇ ಮಣ್ಣು 1 ಪಾಲು, ದಪ್ಪ ಮರಳು 2 ಪಾಲು, ಎಲೆಗೊಬ್ಬರ ಅರ್ಧ ಪಾಲು. ಒಂದು ಮಳೆಗೆ ಅಥವಾ ಎರಡು ಸಲ ನೀರು ಹಾಯಿಸಿ ಕುಳಿತುಕೊಳ್ಳಲು ಬಿಟ್ಟು ಆಮೇಲೆ ನೆಡಿ. ಹೊಸ ದಿಬ್ಬ ಕುಸಿದರೆ ಗಿಡದ ಬುಡವೇ ತಗ್ಗಾಗುತ್ತದೆ.

ದಾರಿಯಿಂದ 2 ಮೀಟರ್ ದೂರವಿಡಿ, ಬಾಗಿದ ಎಲೆಗಳ ಮುಳ್ಳು ಕಾಲಿಗೆ ತಾಗುವ ಮಟ್ಟದಲ್ಲೇ ಇರುತ್ತದೆ. ಸೂರಿನ ನೀರು ಬೀಳುವ ಜಾಗ ಬೇಡ. ಬಿಸಿಲು ಕನಿಷ್ಠ ಆರು ಗಂಟೆ ಸಿಗಬೇಕು.

ಹಂತ 8: ನಾಟಿ

ಬೆಚ್ಚನೆಯ ಕಾಲದ ಆರಂಭದಲ್ಲೇ ನೆಡಿ. ದಿಬ್ಬದ ತುದಿಯಲ್ಲಿ ಬೇರಿನ ಗುಡ್ಡೆಯಷ್ಟೇ ಆಳದ ಗುಂಡಿ ಮಾಡಿ. ಗುಡ್ಡೆಯ ಮೇಲ್ಮೈ ಸುತ್ತಲಿಗಿಂತ 2ರಿಂದ 3 ಸೆಂ.ಮೀ. ಎತ್ತರದಲ್ಲಿರಲಿ, ಮುಂದೆ ಅದು ಕುಳಿತು ಸಮವಾಗುತ್ತದೆ. ಸುತ್ತ 5 ಸೆಂ.ಮೀ. ಜಲ್ಲಿ ಹಾಸಬಹುದು; ಕಾಂಡಕ್ಕೆ ತಾಗುವಂತೆ ಒದ್ದೆ ಹುಲ್ಲು, ಮರದ ಹೊಟ್ಟು ಹಾಕಬೇಡಿ. ಒಂದು ವಾರದ ನಂತರ ಮೊದಲ ನೀರು.

ಹಂತ 9: ನೀರು, ಗೊಬ್ಬರ, ಚಳಿ

ದಿನ ಲೆಕ್ಕ ಹಾಕಿ ನೀರು ಕೊಡುವುದಕ್ಕಿಂತ ಕಡ್ಡಿಯನ್ನು ಕೇಳುವುದು ಮೇಲು. ಒಣ ಬಿದಿರು ಕಡ್ಡಿಯನ್ನು 10 ಸೆಂ.ಮೀ. ಆಳಕ್ಕೆ ಚುಚ್ಚಿ ಹತ್ತು ನಿಮಿಷ ಬಿಡಿ. ಕಡ್ಡಿ ಕಪ್ಪಾಗಿ, ಮಣ್ಣು ಅಂಟಿ ಬಂದರೆ ಇನ್ನೂ ಕಾಯಿರಿ. ಒಣಗಿ ಬಂದರೆ ಪೂರ್ತಿ ನೆನೆಯುವಂತೆ ಕೊಡಿ: ನೆಲದ ಗಿಡಕ್ಕೆ 8ರಿಂದ 10 ಲೀಟರ್, ಕುಂಡಕ್ಕೆ ತಳದ ತೂತಿನಿಂದ ಹರಿಯುವಷ್ಟು. ಬೆಚ್ಚನೆಯ ತಿಂಗಳಲ್ಲಿ ಇದು ಸುಮಾರು 7ರಿಂದ 10 ದಿನಕ್ಕೊಮ್ಮೆ ಆಗಬಹುದು, ಮಳೆಯಿದ್ದರೆ ಬೇಡ. ಚಳಿಯಲ್ಲಿ ಕುಂಡಕ್ಕೆ ಮೂರ್ನಾಲ್ಕು ವಾರಕ್ಕೊಮ್ಮೆ, ಬೇರೂರಿದ ನೆಲದ ಗಿಡಕ್ಕೆ ಹೆಚ್ಚಾಗಿ ಬೇಕಿಲ್ಲ. ದಿನಾ ಒಂದು ಚೊಂಬು ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಮೇಲ್ಪದರ ಸದಾ ಒದ್ದೆ, ಆಳದ ಬೇರು ಸದಾ ಒಣ.

ಸುಳಿಗೆ ನೀರು ಹೊಯ್ಯಬೇಡಿ, ಅದರಲ್ಲೂ ಚಳಿಯ ಸಂಜೆ. ದೋಣಿಯಂಥ ಎಲೆಯ ಬುಡದಲ್ಲಿ ನಿಂತ ನೀರು ಬೇಗ ಆರುವುದಿಲ್ಲ. ಗೊಬ್ಬರ ವರ್ಷಕ್ಕೊಮ್ಮೆ, ಬೆಳವಣಿಗೆ ಶುರುವಾಗುವಾಗ, ನಿಧಾನ ಕರಗುವ ಬಗೆಯದು, ಪೊಟ್ಟಣದ ಮೇಲಿನ ಅಳತೆಯ ಅರ್ಧ. ಯೂರಿಯಾ ಹಾಕಿದರೆ ಎಲೆ ಮೃದುವಾಗಿ ಉಬ್ಬಿ ಕೀಟಕ್ಕೂ ಕೊಳೆಗೂ ತುತ್ತಾಗುತ್ತದೆ.

ಹಿಮ ಇದಕ್ಕೆ ಆಗಿಬರುವುದಿಲ್ಲ. ಹಿಮ ಬೀಳುವ ರಾತ್ರಿ ಬಟ್ಟೆ ಹೊದೆಸಿ, ಬೆಳಿಗ್ಗೆ ತೆಗೆಯಿರಿ. ಎಲೆಗೆ ತಾಗುವಂತೆ ಪ್ಲಾಸ್ಟಿಕ್ ಹೊದೆಸಿದರೆ ತಾಗಿದಲ್ಲೇ ಸುಡುತ್ತದೆ.

ಹಂತ 10: ಲಕ್ಷಣ ಓದುವುದು

ಎಲೆ ತೆಳುವಾಗಿ ಒಳಕ್ಕೆ ಮಡಚಿಕೊಂಡಿದೆ ಎಂದ ಕೂಡಲೇ ನೀರು ಹಾಕಬೇಡಿ. ಬಾಯಾರಿದ ಗಿಡವೂ ಹಾಗೆ ಕಾಣುತ್ತದೆ, ಬೇರು ಕೊಳೆತ ಗಿಡವೂ ಹಾಗೆಯೇ. ಕಡ್ಡಿ ಚುಚ್ಚಿ ನೋಡಿ: ಮಣ್ಣು ಒಣಗಿದ್ದರೆ ಬಾಯಾರಿಕೆ, ಒದ್ದೆಯಿದ್ದರೆ ಬೇರು ಹೋಗಿದೆ.

ಕೆಳಗಿನ ಒಂದೆರಡು ಎಲೆ ತುದಿಯಿಂದ ಒಣಗುತ್ತ ಬಂದು ಕಾಂಡಕ್ಕೆ ಅಂಟಿಕೊಂಡಿದ್ದರೆ ಸಹಜ ವಯಸ್ಸು. ಅದೇ ಎಲೆ ಬುಡದಲ್ಲಿ ಗಾಜಿನಂತೆ ಪಾರದರ್ಶಕವಾಗಿ ಜೋತರೆ ಕೊಳೆ. ಎಲೆ ಕೆಂಪಾಗುವುದು ಬಿಸಿಲು, ಚಳಿ ಅಥವಾ ಒಣಗಾಳಿಯ ಒತ್ತಡ, ಗಾಬರಿ ಬೇಡ. ಎಲೆ ಬಿಳಿಚಿ, ಉದ್ದವಾಗಿ ಸೊರಗಿದ್ದರೆ ಬೆಳಕು ಸಾಲದು.

ಎಲೆ ಅಥವಾ ಹೂಗೊಂಚಲಿನ ಮೇಲೆ ಹೂಕೋಸಿನಂಥ ಗಂಟು ಕಂಡರೆ ಅದು ಅಲೋ ನುಸಿ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಗಾಳಿಯಲ್ಲಿ ಹರಡುತ್ತದೆ. ಗಂಟಿನ ಒಳಗಿರುವುದರಿಂದ ಮೇಲೆ ಸಿಂಪಡಿಸಿದ ಔಷಧ ಮುಟ್ಟುವುದು ಕಷ್ಟ. ಗಂಟಿನಿಂದ 5 ಸೆಂ.ಮೀ. ಆಚೆಗೆ ಕತ್ತರಿಸಿ, ಚೀಲದಲ್ಲಿ ಕಟ್ಟಿ ಸಾಗಿಸಿ ಅಥವಾ ಸುಡಿ, ಗೊಬ್ಬರ ಗುಂಡಿಗೆ ಹಾಕಬೇಡಿ. ಪ್ರತಿ ಕತ್ತರಿಕೆಗೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಎಲೆಯ ಮೇಲೆ ದುಂಡನೆಯ ಕಚ್ಚಿದ ಗುರುತು, ಜೊತೆಗೆ ಸುಳಿ ಅಲುಗಾಡಿದರೆ ಮೂತಿ ಹುಳು. ಮರಿಗಳು ಕಾಂಡ ಕೊರೆಯುತ್ತಿರುತ್ತವೆ, ಗಿಡ ಉಳಿಯುವುದು ಅಪರೂಪ. ಇದು ಒಣ ಎಲೆಗಳ ಸಂದಿನಲ್ಲಿ ಅಡಗುತ್ತದೆ, ಹುಳುವಿನ ಕಾಟವಿರುವಲ್ಲಿ ಕಾಂಡದ ಒಣ ಎಲೆಗಳನ್ನು ಬಿಡಿಸಿ ಇಡಿ. ಬಿಳಿ ಶಲ್ಕ ಕೀಟವಿದ್ದರೆ (ಚಿಪ್ಪಿನಂತೆ ಎಲೆಗೆ ಅಂಟಿ ರಸ ಹೀರುವಂಥದ್ದು) 1 ಲೀಟರ್ ನೀರಿಗೆ 5 ಮಿ.ಲೀ. ಸೌಮ್ಯ ಸೋಪು ಬೆರೆಸಿ ಮೃದು ಬ್ರಷ್‌ನಿಂದ ಉಜ್ಜಿ. ಎಣ್ಣೆಯ ಔಷಧ ಬಿಸಿಲಿನಲ್ಲಿ ಬೇಡ. ಎಲೆಯ ಮೇಣ ಹೋಗಿ ಸುಡುತ್ತದೆ.

ಹಂತ 11: ಬುಡ ಕೊಳೆತರೆ

ಗಿಡ ಕಿತ್ತು, ಕಾಂಡವನ್ನು ಕೆಳಗಿನಿಂದ 1 ಸೆಂ.ಮೀ. ದಪ್ಪದ ಬಿಲ್ಲೆಯಾಗಿ ಕತ್ತರಿಸುತ್ತ ಬನ್ನಿ. ಪ್ರತಿ ಬಿಲ್ಲೆಗೂ ಚಾಕು ಒರೆಸಿ. ಎಲ್ಲಿಯೂ ಕಂದು ಚುಕ್ಕೆಯಿಲ್ಲದ ತಿಳಿಬಣ್ಣದ ತಿರುಳು ಬರುವವರೆಗೆ ನಿಲ್ಲಿಸಬೇಡಿ. ಕನಿಕರಪಟ್ಟು ಒಂದು ಚುಕ್ಕೆ ಬಿಟ್ಟರೆ ಅದೇ ಮೇಲೇರುತ್ತದೆ. ಗಂಧಕದ ಪುಡಿ ಹಚ್ಚಿ, ಕೆಳಗಿನ ಅರ್ಧದಷ್ಟು ಎಲೆ ತೆಗೆದು, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಎರಡು ಮೂರು ವಾರ ಒಣಗಿಸಿ. ಮಲಗಿಸಿದರೆ ಸುಳಿ ಸೊಟ್ಟಗಾಗುತ್ತದೆ. ನಂತರ ಒಣ ದಪ್ಪ ಮರಳಿನ ಮೇಲೆ ಕೂರಿಸಿ. ಒಂದೆರಡು ತಿಂಗಳಲ್ಲಿ ಮೆಲ್ಲಗೆ ಎತ್ತಿದಾಗ ಹಿಡಿತ ಸಿಕ್ಕರೆ ಬೇರು ಬಂದಿದೆ, ನೀರು ಆಮೇಲೆ. ಎಳೆಯ ಗಿಡದಲ್ಲಿ ಇದು ಫಲಿಸುತ್ತದೆ, ದಪ್ಪ ಕಾಂಡದಲ್ಲಿ ನಿರೀಕ್ಷೆ ಕಡಿಮೆ. ಸುಳಿಯೇ ಕೊಳೆತಿದ್ದರೆ ಬಿಟ್ಟುಬಿಡಿ.

ಹಂತ 12: ಹೂ ಮತ್ತು ಬೀಜ

ಹೂಬಿಡುವುದು ಚಳಿಗಾಲದಲ್ಲಿ, ಅದೂ ಗಿಡ ಬಲಿತ ಮೇಲೆ. ಒಂದೇ ಗಿಡವಿದ್ದರೆ ಬೀಜ ಕಟ್ಟುವುದನ್ನು ನೆಚ್ಚಬೇಡಿ; ಬೇರೆ ಬೇರೆ ಬೀಜದಿಂದ ಬಂದ ಎರಡು ಗಿಡ ಏಕಕಾಲಕ್ಕೆ ಹೂಬಿಡಬೇಕು.

ಹೂಗಳು ತೆನೆಯ ಕೆಳಗಿನಿಂದ ಮೇಲಕ್ಕೆ ಅರಳುತ್ತವೆ. ಒಂದು ಹೂವಿನಲ್ಲಿ ಮೊದಲು ಪರಾಗ ಬಿಚ್ಚುತ್ತದೆ, ಶಲಾಕೆ (ಪರಾಗ ಸ್ವೀಕರಿಸುವ ಹೆಣ್ಣು ಭಾಗದ ಕಡ್ಡಿ) ಹೊರಚಾಚುವುದು ಆಮೇಲೆ. ಆದ್ದರಿಂದ ಒಂದು ಗಿಡದ ಹೊಸದಾಗಿ ಅರಳಿದ ಹೂವಿನ ಪರಾಗವನ್ನು ಮೃದು ಕುಂಚದಲ್ಲಿ ತೆಗೆದು, ಇನ್ನೊಂದು ಗಿಡದ ತೆನೆಯಲ್ಲಿ ಸ್ವಲ್ಪ ಕೆಳಗಿನ, ಶಲಾಕೆ ಚಾಚಿದ ಹೂಗಳಿಗೆ ಬೆಳಗಿನ ಹೊತ್ತು ಸವರಿ. ಬೆರಕೆ ಬೇಡವೆಂದರೆ ಅರಳುವ ಮೊದಲೇ ತೆನೆಗೆ ತೆಳುಬಟ್ಟೆಯ ಚೀಲ ಕಟ್ಟಿ.

ಕಾಯಿ ಹಸಿರಿನಿಂದ ಕಂದಿಗೆ ತಿರುಗಿ ತುದಿಯಲ್ಲಿ ಬಿರುಕು ಕಂಡ ದಿನವೇ ಕೊಯ್ಯಿರಿ. ಮೂರು ಹೋಳಾಗಿ ಒಡೆದರೆ ಬೀಜ ಗಾಳಿಪಾಲು. ಕಾಗದದ ಲಕೋಟೆಯಲ್ಲಿ ಒಂದು ವಾರ ನೆರಳಿನಲ್ಲಿ ಒಣಗಿಸಿ, ಎರಡು ಗಿಡಗಳ ಗುರುತು ಮತ್ತು ದಿನಾಂಕ ಬರೆದಿಟ್ಟು, ಮುಂದಿನ ಬೆಚ್ಚನೆಯ ಕಾಲಕ್ಕೇ ಬಿತ್ತಿ. ಒಣಗಿದ ಹೂದಂಡವನ್ನು ಎಳೆದು ಕೀಳಬೇಡಿ, ಅದರ ಬುಡ ಸುಳಿಯ ಪಕ್ಕದಲ್ಲೇ ಇರುತ್ತದೆ, 10 ಸೆಂ.ಮೀ. ಬಿಟ್ಟು ಕತ್ತರಿಸಿ, ಉಳಿದದ್ದು ತಾನಾಗಿ ಒಣಗಿ ಕಳಚಿಕೊಳ್ಳುತ್ತದೆ.